ಮೇಡಂ ಬರದ ದಿನ ಮೈದಾನದಲ್ಲಿ ವಿದ್ಯಾರ್ಥಿ ಎಷ್ಟು ಮಾಡಬಹುದು?

ಪ್ರಶ್ನೆ: ನಾನು ಸಿಂಧನೂರಿನವಳು. ಬಿಪಿಟಿ, ಅಂದರೆ ಫಿಸಿಯೋಥೆರಪಿ ಪದವಿಯ ಕೊನೆಯ ವರ್ಷ. ಕಾಲೇಜಿನಿಂದ ಬಳ್ಳಾರಿಯ ಒಂದು ಮೈದಾನಕ್ಕೆ ಒಂದು ತಿಂಗಳ ಪೋಸ್ಟಿಂಗ್ ಹಾಕಿದ್ದಾರೆ. ಕಬಡ್ಡಿ, ಕುಸ್ತಿ, ಓಟದ ಹುಡುಗ ಹುಡುಗಿಯರು ಬರುತ್ತಾರೆ. ನಮ್ಮ ಜೊತೆ ಇರಬೇಕಾದ ಫಿಸಿಯೋ ಮೇಡಂ ವಾರಕ್ಕೆ ಎರಡು ದಿನ ಬಂದರೆ ಜಾಸ್ತಿ. ಉಳಿದ ದಿನ ‘ಏನಾದ್ರೂ ಇದ್ರೆ ಫೋನ್ ಮಾಡು’ ಅನ್ನುತ್ತಾರೆ. ಕೋಚ್ ಸರ್ ನನಗೇ ಟೇಪ್ ಹಾಕು, ಮಷೀನ್ ಹಚ್ಚು, ಇವನು ಆಡಬಹುದಾ ಹೇಳು ಅನ್ನುತ್ತಾರೆ. ಆಗಲ್ಲ ಅಂದರೆ ‘ಮತ್ತೆ ಯಾಕಮ್ಮಾ ಬಂದಿದ್ದೀಯ?’ ಅಂತ ಕೇಳುತ್ತಾರೆ. ಅಮೆರಿಕದಲ್ಲಿ ಅಥ್ಲೆಟಿಕ್ ಟ್ರೇನಿಂಗ್ ಓದುವವರಿಗೆ ಇದಕ್ಕೆ ಸ್ಪಷ್ಟ ನಿಯಮ ಇದೆಯಂತೆ. ನಮಗೆ ಯಾವುದು ಸರಿ? ಮೇಡಂ ಬರದ ದಿನಗಳ ಬಗ್ಗೆ ಲಾಗ್‌ಬುಕ್‌ನಲ್ಲಿ ಏನು ಬರೆಯಲಿ?

ಉತ್ತರ: ತಂಗಿ, ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ. ಮೇಡಂ ಮೈದಾನದಲ್ಲಿ ಇಲ್ಲದ ದಿನ ನೀವು ಫಿಸಿಯೋ ಅಲ್ಲ. ಪ್ರಥಮ ಚಿಕಿತ್ಸೆ ಗೊತ್ತಿರುವ ಒಬ್ಬ ಹುಡುಗಿ, ಅಷ್ಟೇ. ಅಂದು ಟ್ರೀಟ್‌ಮೆಂಟ್ ಇಲ್ಲ, ಮಷೀನ್ ಇಲ್ಲ, ‘ಆಡಬಹುದು’ ಅನ್ನುವ ಮಾತಂತೂ ಇಲ್ಲವೇ ಇಲ್ಲ. ಆದರೆ ಯಾರಾದರೂ ಕುಸಿದು ಬಿದ್ದರೆ ಕೈಕಟ್ಟಿ ನಿಲ್ಲುವ ಹಾಗೂ ಇಲ್ಲ. ಈ ಎರಡರ ನಡುವೆ ಗೆರೆ ಎಲ್ಲಿ ಬೀಳುತ್ತದೆ ಅನ್ನುವುದನ್ನು ಬಿಡಿಸಿ ಹೇಳುತ್ತೇನೆ.

ಅಮೆರಿಕದ ಮಾತು ಎತ್ತಿದ್ದೀರಿ, ಅದನ್ನೇ ಮೊದಲು ನೋಡೋಣ. ಅಲ್ಲಿ ಅಥ್ಲೆಟಿಕ್ ಟ್ರೇನರ್ ಅಂದರೆ ಜಿಮ್‌ನಲ್ಲಿ ಕಸರತ್ತು ಹೇಳಿಕೊಡುವವರಲ್ಲ. ಆಟಗಾರರ ಗಾಯ ತಡೆಯುವುದು, ಗಾಯವಾದಾಗ ಮೊದಲು ಓಡಿ ಬರುವುದು, ಗುಣವಾಗುವವರೆಗೆ ಜೊತೆಗಿರುವುದು ಅವರ ಕೆಲಸ. 1950ರಲ್ಲೇ ಅವರ ರಾಷ್ಟ್ರೀಯ ಸಂಘ ಹುಟ್ಟಿತು. 1990ರಲ್ಲಿ ಅಲ್ಲಿನ ವೈದ್ಯರ ಸಂಘ ಇದನ್ನು ಒಂದು ಆರೋಗ್ಯ ವೃತ್ತಿ ಅಂತ ಒಪ್ಪಿಕೊಂಡಿತು. ಈಗ ಈ ವೃತ್ತಿಗೆ ಬರಲು ಸ್ನಾತಕೋತ್ತರ ಪದವಿಯೇ ಬೇಕು. ಕೋರ್ಸುಗಳಿಗೆ ಮಾನ್ಯತೆ ಕೊಡುವ ಸಂಸ್ಥೆಯ ಹೆಸರು ಸಿಎಎಟಿಇ. ಪೋಸ್ಟಿಂಗ್‌ನಲ್ಲಿ ವಿದ್ಯಾರ್ಥಿಯನ್ನು ನೋಡಿಕೊಳ್ಳುವವರಿಗೆ ಪ್ರಿಸೆಪ್ಟರ್ ಅನ್ನುತ್ತಾರೆ. ಅವರ ಮೇಲ್ವಿಚಾರಣೆಯ ಬಗ್ಗೆ ನಿಯಮ ಹೇಳುವುದು ಮುಖ್ಯವಾಗಿ ಎರಡು ಮಾತು. ಅವರು ಅದೇ ಜಾಗದಲ್ಲಿ ಇರಬೇಕು. ವಿದ್ಯಾರ್ಥಿಗಾಗಲಿ ರೋಗಿಗಾಗಲಿ ತೊಂದರೆ ಬರುವ ಹಾಗಿದ್ದರೆ ನಡುವೆ ಬಂದು ತಡೆಯಲು ಆಗಬೇಕು.

ಆ ಎರಡನೇ ಮಾತನ್ನು ಇನ್ನೊಂದು ಸಲ ಓದಿ. ಮೇಲ್ವಿಚಾರಣೆ ಅಂದರೆ ನಮ್ಮಲ್ಲಿ ಬಹಳ ಜನ ಸಹಿ ಹಾಕುವುದು ಅಂದುಕೊಂಡಿದ್ದಾರೆ. ಅದು ಸಹಿಯ ಕೆಲಸ ಅಲ್ಲ, ತಡೆಯುವ ಕೈ. ನಿಮ್ಮ ಕೈ ತಪ್ಪು ಕಡೆ ಹೋದಾಗ ಹಿಡಿದು ನಿಲ್ಲಿಸಲು ಇನ್ನೊಂದು ಕೈ ಅಷ್ಟು ಹತ್ತಿರ ಇದೆಯಾ? ಇದ್ದರೆ ಮೇಲ್ವಿಚಾರಣೆ ಇದೆ. ಫೋನಿನಿಂದ ಕೈ ಬರುವುದಿಲ್ಲ. ‘ಊತ ಇದೆಯಾ?’ ಅಂತ ಮೇಡಂ ಕೇಳುತ್ತಾರೆ, ನೀವು ‘ಸ್ವಲ್ಪ ಇದೆ ಮೇಡಂ’ ಅನ್ನುತ್ತೀರಿ. ನಿಮ್ಮ ಸ್ವಲ್ಪವೇ ಬೇರೆ, ಅವರ ಸ್ವಲ್ಪವೇ ಬೇರೆ. ಸಲಹೆ ಕೇಳಲು ಫೋನ್ ಒಳ್ಳೆಯದು, ಚಿಕಿತ್ಸೆ ಮಾಡಲು ಅನುಮತಿ ಪಡೆಯಲು ಅಲ್ಲ.

ನಮ್ಮಲ್ಲಿ ಅಥ್ಲೆಟಿಕ್ ಟ್ರೇನರ್ ಅನ್ನುವ ಹೆಸರು ರೂಢಿಯಲ್ಲಿಲ್ಲ. ಆ ಕೆಲಸವನ್ನು ಬಹುಪಾಲು ಸ್ಪೋರ್ಟ್ಸ್ ಫಿಸಿಯೋಗಳೇ ಮಾಡುತ್ತೇವೆ. ತೋರಣಗಲ್ಲಿನ ಪಕ್ಕದ ವಿಜಯನಗರ ಟೌನ್‌ಶಿಪ್‌ನಲ್ಲಿ 2018ರಲ್ಲಿ ಶುರುವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಂಥ ಕಡೆ ಇದಕ್ಕಾಗಿ ಒಂದು ತಂಡವೇ ಇರುತ್ತದೆ. ತಾಲ್ಲೂಕು ಮೈದಾನಗಳಲ್ಲಿ, ಗರಡಿ ಮನೆಗಳಲ್ಲಿ ಒಬ್ಬ ಫಿಸಿಯೋ ಸಿಕ್ಕರೆ ಪುಣ್ಯ. ಹಾಗಾಗಿ ವಿದ್ಯಾರ್ಥಿ ಬಂದ ತಕ್ಷಣ ಎಲ್ಲರೂ ಅವರ ಮೇಲೆಯೇ ಬೀಳುತ್ತಾರೆ. ಅದು ಕೋಚ್‌ಗಳ ಕೆಟ್ಟತನ ಅಲ್ಲ. ಅವರಿಗೆ ಬೇರೆ ದಿಕ್ಕಿಲ್ಲ. ಆದರೆ ಆ ಖಾಲಿ ಜಾಗ ತುಂಬುವುದು ನಿಮ್ಮ ಹೊಣೆ ಅಲ್ಲ. ವಿದ್ಯಾರ್ಥಿಯನ್ನು ಸಿಬ್ಬಂದಿಯ ಬದಲಿಗೆ ನಿಲ್ಲಿಸಬಾರದು ಅನ್ನುವುದು ಅಮೆರಿಕದಲ್ಲೂ ಹಳೆಯ ಮಾತು.

ಕಾನೂನಿನ ಕಡೆಯಿಂದ ನೋಡಿದರೂ ಅಷ್ಟೇ. 2021ರಲ್ಲಿ ಕೇಂದ್ರ ಸರ್ಕಾರ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ಕಾಯ್ದೆ ತಂದಿತು. ಫಿಸಿಯೋಥೆರಪಿ ಅದರೊಳಗೆ ಇದೆ. ಕೇಂದ್ರದಲ್ಲಿ ಆಯೋಗ, ರಾಜ್ಯದಲ್ಲಿ ಪರಿಷತ್ತು, ಓದು ಮುಗಿಸಿದವರಿಗೆ ನೋಂದಣಿ ಅನ್ನುವುದು ಅದರ ಲೆಕ್ಕ. ನೀವಿನ್ನೂ ಆ ಬಾಗಿಲಿಗೆ ಬಂದಿಲ್ಲ. ನಾಲ್ಕು ವರ್ಷ ಮುಗಿದ ಮೇಲೆ ಇಂಟರ್ನ್‌ಶಿಪ್ ಬರುತ್ತದಲ್ಲ, ಆಗಲೂ ನೀವು ಕಲಿಯುವವರೇ. ಇಂಟರ್ನ್ ಆದ ತಕ್ಷಣ ಒಬ್ಬರೇ ನೋಡಬಹುದು ಅಂತ ನಿಮ್ಮ ಸೀನಿಯರ್‌ಗಳು ಹೇಳಿದರೆ ನಂಬಬೇಡಿ.

ನಾನು ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ಒಂದು ಕಾರಣ ಇದೆ. ನಾನೂ ಕೊನೆಯ ವರ್ಷ ಓದುವಾಗ ಒಂದು ಆಸ್ಪತ್ರೆಗೆ ಪೋಸ್ಟಿಂಗ್ ಹೋಗಿದ್ದೆ. ಬೆಳಗ್ಗೆ ಎಂಟು ರೋಗಿಗಳು, ನಾನೊಬ್ಬ. ಸೀನಿಯರ್ ಪಕ್ಕದ ಕೋಣೆಯಲ್ಲಿದ್ದರು. ಒಬ್ಬರು ವಯಸ್ಸಾದ ರೈತರು, ಮೀನಖಂಡದಲ್ಲಿ ನೋವು ಅಂತ ಬಂದಿದ್ದರು. ಸೀನಿಯರ್ ಅಲ್ಲಿಂದಲೇ ‘ಹಾಟ್ ಪ್ಯಾಕ್ ಇಡು’ ಅಂದರು. ಇಟ್ಟೆ. ಆ ರೈತರಿಗೆ ಹತ್ತು ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ ಇತ್ತು. ಕಾಲಿಗೆ ಸ್ಪರ್ಶ ಸರಿಯಾಗಿ ಗೊತ್ತಾಗುತ್ತಿರಲಿಲ್ಲ. ನಾನು ಕೇಳಲಿಲ್ಲ, ಪರೀಕ್ಷೆ ಮಾಡಲಿಲ್ಲ. ಆ ಪ್ಯಾಕ್ ಅದ್ದಿಟ್ಟು ಕಾಯಿಸುವ ನೀರು 70 ಡಿಗ್ರಿಯ ಮೇಲೆ ಇರುತ್ತದೆ. ಟವೆಲ್ಲಿನ ಆರರಿಂದ ಎಂಟು ಪದರ ಬೇಕು. ನಾನು ಹಾಕಿದ್ದು ಮೂರು. ತೆಗೆದಾಗ ಚರ್ಮ ಕೆಂಪಾಗಿತ್ತು, ಸಂಜೆಗೆ ಬೊಬ್ಬೆ ಎದ್ದಿತು. ಮರುದಿನ ಅವರು ಬಂದು ಕಾಲು ತೋರಿಸಿ, ‘ಇರಲಿ ಬಿಡಪ್ಪ, ಕಲಿಯೋ ಹುಡುಗ’ ಅಂದರು. ಅವರು ಬೈದಿದ್ದರೆ ಎಷ್ಟೋ ಹಗುರ ಇರುತ್ತಿತ್ತು. ಆ ಗಾಯ ಮಾಯಲು ಐದು ವಾರ ಹಿಡಿಯಿತು. ಅಷ್ಟು ದಿನ ಅವರು ಗದ್ದೆಗೆ ಇಳಿಯಲಿಲ್ಲ.

ನೋಡಿ, ಅಂದು ಸೀನಿಯರ್ ಅದೇ ಕಟ್ಟಡದಲ್ಲಿ ಇದ್ದರು. ಆದರೂ ಮೇಲ್ವಿಚಾರಣೆ ಇರಲಿಲ್ಲ. ಒಂದೇ ಸೂರಿನಡಿ ಇರುವುದು ಸಾಲದು. ಹೊಸದಾಗಿ ಕಲಿತ ಕೆಲಸಕ್ಕೆ ಕಣ್ಣೆದುರೇ ಇರಬೇಕು. ಮೊದಲು ಅವರು ಮಾಡುತ್ತಾರೆ, ನೀವು ನೋಡುತ್ತೀರಿ. ಆಮೇಲೆ ಇಬ್ಬರೂ ಸೇರಿ ಮಾಡುತ್ತೀರಿ. ಆಮೇಲೆ ನೀವು ಮಾಡುತ್ತೀರಿ, ಅವರು ಪಕ್ಕದಲ್ಲಿ ನಿಂತು ನೋಡುತ್ತಾರೆ. ನಿಮ್ಮ ಕೈ ಪಳಗಿದ ಮೇಲೆ ಅವರು ನಾಲ್ಕು ಹೆಜ್ಜೆ ದೂರ ಸರಿಯಬಹುದು. ಈ ದೂರ ಎಷ್ಟು ಅನ್ನುವುದನ್ನು ನಿಮ್ಮ ವರ್ಷ ನೋಡಿ ಹೇಳಲು ಆಗುವುದಿಲ್ಲ, ಕೆಲಸ ನೋಡಿ ಹೇಳಬೇಕು. ಆಂಕಲ್‌ಗೆ, ಅಂದರೆ ಪಾದದ ಕೀಲಿಗೆ ಟೇಪ್ ಹಾಕುವುದರಲ್ಲಿ ನೀವು ಪಳಗಿರಬಹುದು. ಕುತ್ತಿಗೆಯ ವಿಷಯದಲ್ಲಿ ನೀವು ಮೊದಲ ದಿನದವರೇ. ಕಾಲೇಜಿನಲ್ಲಿ ಕಲಿಸಿ, ಪರೀಕ್ಷಿಸಿ, ಸರಿ ಅನ್ನಿಸಿಕೊಳ್ಳದ ಕೆಲಸವನ್ನು ರೋಗಿಯ ಮೇಲೆ ಮೊದಲ ಸಲ ಮಾಡಬಾರದು. ಇದನ್ನು ನಿಯಮ ಬರೆಯುವವರು ಹೇಳಲಿ ಬಿಡಲಿ, ನೀವೇ ನಿಮಗೆ ಹಾಕಿಕೊಳ್ಳಿ.

ಈಗ ಕೋಚ್ ಸರ್ ಕೇಳುವ ಮೂರು ಕೆಲಸಕ್ಕೆ ಬರುತ್ತೇನೆ.

ಟೇಪು. ಮೇಡಂ ಇದ್ದಾಗ, ಅವರು ನೋಡಿ ಒಪ್ಪಿದ ಆಟಗಾರನಿಗೆ, ನೀವು ಧಾರಾಳವಾಗಿ ಹಾಕಿ. ಹಾಕಿದ ಮೇಲೆ ಹೆಬ್ಬೆರಳಿನ ಉಗುರು ಒತ್ತಿ ಬಿಡಿ. ಬಣ್ಣ ಎರಡು ಸೆಕೆಂಡಿನಲ್ಲಿ ವಾಪಸ್ ಬರಬೇಕು. ಜುಮ್ಮೆನ್ನುತ್ತಿದೆ ಅಂದರೆ ಬಿಚ್ಚಿ. ಮೇಡಂ ಇಲ್ಲದ ದಿನ ಹೊಸ ಗಾಯಕ್ಕೆ ಟೇಪ್ ಬೇಡ. ಟೇಪ್ ಹಾಕಿದ ತಕ್ಷಣ ಹುಡುಗನಿಗೆ ‘ನಾನು ಸರಿ ಇದ್ದೇನೆ’ ಅನ್ನಿಸುತ್ತದೆ, ಕೋಚ್‌ಗೂ ಅನ್ನಿಸುತ್ತದೆ. ಗೊತ್ತಿಲ್ಲದೆ ನೀವು ಆಡಲು ಅನುಮತಿ ಕೊಟ್ಟ ಹಾಗೆ ಆಯಿತು.

ಮಷೀನು. ನೋವಿಗೆ ಹಿಡಿಯುವ ಅಲ್ಟ್ರಾಸೌಂಡ್, ಕರೆಂಟ್ ಹಚ್ಚುವ ಐಎಫ್‌ಟಿ, ಯಾವುದೂ ಒಬ್ಬರೇ ಬೇಡ. ನಮ್ಮ ಕಡೆ ‘ಕರೆಂಟ್ ಹಚ್ಚಿಸ್ಕೊಂಡ್ರೆ ವಾಸಿ ಆಗ್ತದೆ’ ಅನ್ನುವ ನಂಬಿಕೆ ಜಾಸ್ತಿ. ಆದರೆ ನಿಮ್ಮ ಮೈದಾನಕ್ಕೆ ಬರುವವರಲ್ಲಿ ಹದಿಮೂರು, ಹದಿನಾಲ್ಕು ವರ್ಷದ ಮಕ್ಕಳೂ ಇರುತ್ತಾರಲ್ಲ. ಅವರ ಮೂಳೆ ಇನ್ನೂ ಬೆಳೆಯುತ್ತಿರುತ್ತದೆ. ಬೆಳೆಯುವ ತುದಿಯ ಮೇಲೆ ಅಲ್ಟ್ರಾಸೌಂಡ್ ಹಿಡಿಯಬಾರದು ಅಂತಲೇ ನಾವು ಕಲಿಸುವುದು. ಯಾರಿಗೆ, ಎಲ್ಲಿ, ಎಷ್ಟು ಅನ್ನುವ ತೀರ್ಮಾನ ಮೇಡಂದು. ಗುಂಡಿ ಒತ್ತುವ ಕೆಲಸ ಅವರ ಎದುರು ನಿಮ್ಮದು.

ಮೂರನೆಯದು, ‘ಇವನು ಆಡಬಹುದಾ?’ ಇದಕ್ಕೆ ಮೇಡಂ ಪಕ್ಕದಲ್ಲೇ ನಿಂತಿದ್ದರೂ ನೀವು ಹೌದು ಅನ್ನಬೇಡಿ. ‘ಬೇಡ’ ಅನ್ನಲು ನಿಮಗೆ ಹಕ್ಕಿದೆ, ‘ಸರಿ’ ಅನ್ನಲು ಇಲ್ಲ. ತಡೆದದ್ದು ತಪ್ಪಾದರೆ ಹುಡುಗನಿಗೆ ಒಂದು ಪಂದ್ಯ ಹೋಗುತ್ತದೆ. ಬಿಟ್ಟದ್ದು ತಪ್ಪಾದರೆ ಮೊಣಕಾಲೋ ತಲೆಯೋ ಹೋಗುತ್ತದೆ.

ಕಬಡ್ಡಿಯಲ್ಲಿ ರೈಡರ್ ಬಿದ್ದು ಪಾದ ತಿರುಗಿತು ಅನ್ನಿ. ನೀವು ಕಲಿತಿದ್ದೀರಿ, ಕೆನಡಾದ ಒಟ್ಟಾವಾದಲ್ಲಿ 1992ರಲ್ಲಿ ರೂಪಿಸಿದ ಪರೀಕ್ಷೆ ಇದೆ. ಆಂಕಲ್‌ನ ಎರಡೂ ಬದಿಯ ಮೂಳೆಯ ಹಿಂಬದಿ ಅಂಚಿನಲ್ಲಿ, ಕೆಳಗಿನ 6 ಸೆಂಟಿಮೀಟರ್‌ನಲ್ಲಿ ಒತ್ತಿದರೆ ನೋವಾ? ನಾಲ್ಕು ಹೆಜ್ಜೆ ಇಡಲು ಆಗುತ್ತಾ? ನೋವಿದ್ದರೆ, ಇಲ್ಲವೇ ಹೆಜ್ಜೆ ಇಡಲು ಆಗದಿದ್ದರೆ ಎಕ್ಸ್‌ರೇ ಬೇಕು. ಪಾದದ ನಡುಭಾಗಕ್ಕೂ ಇಂಥದೇ ಲೆಕ್ಕ ಇದೆ. ಇದನ್ನು ಮೇಡಂ ಎದುರು ಎಷ್ಟು ಸಲ ಬೇಕಾದರೂ ಮಾಡಿ ಕಲಿಯಿರಿ. ಅವರಿಲ್ಲದಾಗ ಲೆಕ್ಕ ಸುಲಭ. ಆಟದಿಂದ ಹೊರಗೆ ಕೂರಿಸಿ, ಬಟ್ಟೆಯಲ್ಲಿ ಸುತ್ತಿದ ಐಸ್ 15-20 ನಿಮಿಷ ಇಡಿ, ಕಾಲು ಎತ್ತರಕ್ಕೆ ಇಟ್ಟು ಆಸ್ಪತ್ರೆಗೆ ಕಳಿಸಿ. ‘ಫ್ರ್ಯಾಕ್ಚರ್ ಇಲ್ಲ ಬಿಡಿ’ ಅನ್ನುವ ಮಾತು ನಿಮ್ಮ ಬಾಯಿಂದ ಬರಬಾರದು. ಭುಜದ ಕೀಲು ತಪ್ಪಿದರೆ ಎಳೆದು ಕೂರಿಸಲು ಹೋಗಬೇಡಿ. ಗರಡಿಯ ಹಿರಿಯರು ‘ನಾನೇ ಎಳೀತೀನಿ’ ಅಂತ ಮುಂದೆ ಬರುತ್ತಾರೆ, ಇಲ್ಲಾ ಪುತ್ತೂರು ಕಟ್ಟಿಗೆ ಕರೆದುಕೊಂಡು ಹೋಗೋಣ ಅನ್ನುತ್ತಾರೆ. ಅವರಿಗೆ ಗೌರವ ಕೊಟ್ಟೇ ತಡೆಯಿರಿ. ‘ತಾತ, ಮೊದಲು ಎಕ್ಸ್‌ರೇ ಆಗಲಿ, ಆಮೇಲೆ ನೋಡೋಣ’ ಅಂದರೆ ಬಹಳ ಸಲ ಕೇಳುತ್ತಾರೆ.

ತಲೆಗೆ ಪೆಟ್ಟು ಬಿದ್ದದ್ದು ಇನ್ನೂ ಕಟ್ಟುನಿಟ್ಟು. ಎಚ್ಚರ ತಪ್ಪಲೇಬೇಕು ಅಂತಿಲ್ಲ. ಮಂಕಾಗಿ ನೋಡಿದರೆ, ತೂರಾಡಿದರೆ, ಸ್ಕೋರ್ ಎಷ್ಟು ಅಂತ ಗೊತ್ತಾಗದಿದ್ದರೆ, ತಲೆನೋವು ಅಂದರೆ ಸಾಕು. ಆ ದಿನ ಅವನ ಆಟ ಮುಗಿಯಿತು. ವಾಂತಿ, ಎರಡೆರಡು ಕಾಣುವುದು, ಕುತ್ತಿಗೆ ನೋವು, ಹೆಚ್ಚುತ್ತಾ ಹೋಗುವ ತಲೆನೋವು ಇದ್ದರೆ ತಡಮಾಡದೆ ಆಸ್ಪತ್ರೆ. ಇದನ್ನು ಹೇಳಲು ಮೇಡಂ ಬರುವವರೆಗೆ ಕಾಯಬೇಡಿ. ತಡೆಯುವ ಹಕ್ಕು ನಿಮಗಿದೆ ಅಂದೆನಲ್ಲ, ಅದು ಇಂಥ ಹೊತ್ತಿಗೇ.

ಇನ್ನು ನೀವು ಕೇಳದೇ ಇದ್ದ, ಆದರೆ ಬಳ್ಳಾರಿಯ ಮೈದಾನದಲ್ಲಿ ನನಗೆ ಎಲ್ಲಕ್ಕಿಂತ ಹೆದರಿಕೆ ಹುಟ್ಟಿಸುವ ವಿಷಯ. ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುವುದು ಹೊಸದಲ್ಲ, ರಾಯಚೂರಿನಲ್ಲೂ ಅದೇ ಕಥೆ. ಪೊಲೀಸ್ ನೇಮಕಾತಿಗೆ ಅಂತ ಓಡುವ ಹುಡುಗರು ಹತ್ತು ಗಂಟೆಯವರೆಗೂ ಓಡುತ್ತಿರುತ್ತಾರೆ. ಅವರಲ್ಲಿ ಒಬ್ಬ ತಡವರಿಸುತ್ತಾನೆ, ಏನೇನೋ ಮಾತಾಡುತ್ತಾನೆ, ಬೀಳುತ್ತಾನೆ. ಮೈ ಸುಡುತ್ತಿರುತ್ತದೆ. ಪುಸ್ತಕದಲ್ಲಿ ಬೆವರು ನಿಂತಿರುತ್ತದೆ ಅಂತ ಓದಿ, ಬೆವರು ಇದೆಯಲ್ಲ ಅಂತ ಮೋಸ ಹೋಗಬೇಡಿ. ಓಡಿ ಬಿದ್ದವನಿಗೆ ಬೆವರು ಇದ್ದೇ ಇರಬಹುದು. ಮೈಯೊಳಗಿನ ಶಾಖ 40 ಡಿಗ್ರಿ ದಾಟಿ, ತಲೆ ಕೆಲಸ ಮಾಡದೆ ಹೋದರೆ ಅದು ಹೀಟ್ ಸ್ಟ್ರೋಕ್. ಸರಿಯಾದ ಅಳತೆ ಗುದದ್ವಾರದ ಥರ್ಮಾಮೀಟರಿನಿಂದ ಮಾತ್ರ ಸಿಗುತ್ತದೆ. ಹಣೆ, ಕಂಕುಳ ನಂಬುವ ಹಾಗಿಲ್ಲ. ಆ ಅಳತೆ ತೆಗೆಯುವುದು ನಿಮ್ಮ ಕೆಲಸ ಅಲ್ಲ. ಆದರೆ ಅಳತೆಗೆ ಕಾಯುವ ಅಗತ್ಯವೂ ಇಲ್ಲ.

ಮೊದಲು ತಂಪು, ಆಮೇಲೆ ಸಾಗಣೆ. ಇದನ್ನು ಮೈದಾನದ ಗೋಡೆಯ ಮೇಲೆ ಬರೆಸಬೇಕು ಅಂತ ನನ್ನ ಆಸೆ. ನಮ್ಮ ಜನ ಮೊದಲು ಆಟೋಗೆ ಹಾಕುತ್ತಾರೆ. ಆಟೋದಲ್ಲಿ ಹೋಗುವ ಅರ್ಧ ಗಂಟೆ ಒಳಗೆ ಬೇಯುತ್ತಲೇ ಇರುತ್ತಾನೆ. ಮೈಯೊಳಗಿನ ಶಾಖ ಅರ್ಧ ಗಂಟೆಯೊಳಗೆ ಇಳಿದರೆ ಬದುಕುವ ಸಾಧ್ಯತೆ ತುಂಬಾ ಚೆನ್ನಾಗಿರುತ್ತದೆ. ತೊಟ್ಟಿ ಇದ್ದರೆ ಐಸ್ ನೀರಲ್ಲಿ ಕುತ್ತಿಗೆಯವರೆಗೆ ಇಳಿಸಿ, ತಲೆ ಹಿಡಿದುಕೊಳ್ಳಲು ಒಬ್ಬರು ಬೇಕೇ ಬೇಕು. ತೊಟ್ಟಿ ಇಲ್ಲವಾ? ನಿಮ್ಮ ಸಿಂಧನೂರಿನ ಕಡೆ ಭತ್ತ ಒಣಗಿಸುವ ತಾಡಪಾಲು ಇರುತ್ತದಲ್ಲ, ಅದನ್ನು ಹಾಸಿ ಹುಡುಗನನ್ನು ನಡುವೆ ಮಲಗಿಸಿ. ಸುತ್ತ ಆರೇಳು ಜನ ಅಂಚು ಎತ್ತಿ ಹಿಡಿಯಲಿ. ಎಂಟು ಹತ್ತು ಕೊಡ ತಣ್ಣೀರು, ಸಿಕ್ಕಷ್ಟು ಐಸ್ ಸುರಿದು ತೊಟ್ಟಿಲ ಹಾಗೆ ಅತ್ತಿತ್ತ ಅಲ್ಲಾಡಿಸಿ. ಎಚ್ಚರ ಇಲ್ಲದವನ ಬಾಯಿಗೆ ನೀರು ಹಾಕಬೇಡಿ. ಇನ್ನೊಬ್ಬರಿಂದ 108ಕ್ಕೆ ಫೋನ್ ಮಾಡಿಸಿ. ಇದು ಚಿಕಿತ್ಸೆ ಅಲ್ಲ, ಪ್ರಥಮ ಚಿಕಿತ್ಸೆ. ಮೇಡಂ ಇರಲಿ ಬಿಡಲಿ, ವಿದ್ಯಾರ್ಥಿ ಆಗಿರಿ ಬಿಡಿ, ಮಾಡಲೇಬೇಕು. 2018ರಲ್ಲಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ 19 ವರ್ಷದ ಫುಟ್‌ಬಾಲ್ ಆಟಗಾರನೊಬ್ಬ ಅಭ್ಯಾಸದಲ್ಲಿ ಹೀಗೇ ಕುಸಿದ. ಅಲ್ಲಿ ಕಲಿತ ಸಿಬ್ಬಂದಿ ಇದ್ದರು. ಆದರೂ ಅವನನ್ನು ತಣ್ಣೀರಿನ ತೊಟ್ಟಿಗೆ ಇಳಿಸಲಿಲ್ಲ. ಎರಡು ವಾರದಲ್ಲಿ ಅವನು ತೀರಿಕೊಂಡ. ತಪ್ಪಾಯಿತು ಅಂತ ವಿಶ್ವವಿದ್ಯಾಲಯವೇ ಒಪ್ಪಿಕೊಂಡಿತು.

ಮಾತ್ರೆಯ ವಿಷಯ ಬೇಗ ಮುಗಿಸುತ್ತೇನೆ. ನಿಮ್ಮ ಬ್ಯಾಗಿನಲ್ಲಿ ನೋವಿನ ಮಾತ್ರೆ ಇದ್ದರೂ ಆಟಗಾರರಿಗೆ ಕೊಡಬೇಡಿ. ಚುಚ್ಚುಮದ್ದಿನ ಮಾತೇ ಇಲ್ಲ. ಟ್ರಮಡಾಲ್ ಅನ್ನುವ ನೋವಿನ ಮಾತ್ರೆಯನ್ನು 2024ರ ಜನವರಿಯಿಂದ ಪಂದ್ಯದ ವೇಳೆಗೆ ವಾಡಾ, ಅಂದರೆ ವಿಶ್ವ ಡೋಪಿಂಗ್ ತಡೆ ಸಂಸ್ಥೆ, ನಿಷೇಧಿಸಿದೆ. ಡೋಪಿಂಗ್ ಪರೀಕ್ಷೆಯಲ್ಲಿ ಸಿಕ್ಕಿದರೆ ‘ಫಿಸಿಯೋ ಅಕ್ಕ ಕೊಟ್ಟಳು’ ಅಂತ ಹೇಳಿ ಮಾತ್ರೆ ನುಂಗಿದ ಹುಡುಗಿ ಪಾರಾಗುವುದಿಲ್ಲ. ಅವಳ ದೇಹದಲ್ಲಿ ಏನಿದೆಯೋ ಅದಕ್ಕೆ ಅವಳೇ ಜವಾಬ್ದಾರಿ.

ಹಾಗಾದರೆ ಮೇಡಂ ಇಲ್ಲದ ದಿನ ಸುಮ್ನೆ ಕೂರಬೇಕಾ? ಇಲ್ಲ. ಅಭ್ಯಾಸಕ್ಕೆ ಮೊದಲು, ಆಮೇಲೆ ಆಟಗಾರರ ತೂಕ ನೋಡಿ ಬರೆಯಿರಿ. ಕಳೆದುಕೊಂಡ ತೂಕ ಬಹುಪಾಲು ನೀರೇ. ಯಾರು ನೀರು ಕಡಿಮೆ ಕುಡಿಯುತ್ತಾರೆ ಅಂತ ವಾರದಲ್ಲಿ ಗೊತ್ತಾಗುತ್ತದೆ. ಫಸ್ಟ್ ಏಡ್ ಪೆಟ್ಟಿಗೆ ತುಂಬಿಡಿ. ಐಸ್ ಎಲ್ಲಿ ಸಿಗುತ್ತದೆ, ಆಂಬ್ಯುಲೆನ್ಸ್ ಯಾವ ಗೇಟಿನಿಂದ ಒಳಗೆ ಬರುತ್ತದೆ, ಆ ಗೇಟಿನ ಬೀಗದ ಕೈ ಯಾರ ಹತ್ತಿರ ಇದೆ ಅಂತ ತಿಳಿದುಕೊಳ್ಳಿ. ಬೀಗದ ಕೈ ಹುಡುಕುತ್ತಾ ಹತ್ತು ನಿಮಿಷ ಕಳೆದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಮೇಡಂ ಮೊದಲೇ ಬರೆದುಕೊಟ್ಟ ವಾರ್ಮ್ ಅಪ್ ಅನ್ನು ಕೋಚ್ ಜೊತೆ ಸೇರಿ ಮಾಡಿಸಿ. ಯಾರು ಹೇಗೆ ಜಿಗಿದು ಇಳಿಯುತ್ತಾರೆ, ಮೊಣಕಾಲು ಒಳಗೆ ಬಾಗುತ್ತದಾ ಅಂತ ನೋಡಿ, ಮೇಡಂ ಬಂದಾಗ ಹೇಳಿ. ನಾನು ಕಲಿತದ್ದರಲ್ಲಿ ಅರ್ಧ ಹೀಗೆ ಬರೀ ನೋಡಿ ಕಲಿತದ್ದು.

ಹದಿನೆಂಟು ತುಂಬದ ಮಕ್ಕಳ ಜೊತೆ ಕೋಣೆಯಲ್ಲಿ ಒಬ್ಬರೇ ಇರಬೇಡಿ. ಬಾಗಿಲು ತೆರೆದಿರಲಿ, ಇನ್ನೊಬ್ಬ ದೊಡ್ಡವರು ಇರಲಿ. ಎಲ್ಲಿ ಮುಟ್ಟುತ್ತೀರಿ, ಯಾಕೆ ಅಂತ ಮೊದಲು ಹೇಳಿ, ಅವರು ಹೂಂ ಅಂದ ಮೇಲೆ ಮುಟ್ಟಿ. ಗಾಯದ ಫೋಟೋ ಸ್ಟೇಟಸ್‌ಗೆ ಹಾಕಬೇಡಿ, ಮುಖ ಕಾಣದಿದ್ದರೂ ಬೇಡ. ಯಾರಾದರೂ ‘ಡಾಕ್ಟ್ರೇ’ ಅಂದರೆ ಅಲ್ಲೇ ತಿದ್ದಿ, ‘ನಾನಿನ್ನೂ ಕಲೀತಿರೋಳು’ ಅನ್ನಿ. ಹಾಗೆ ಹೇಳುವುದರಿಂದ ಮರ್ಯಾದೆ ಕಡಿಮೆ ಆಗುವುದಿಲ್ಲ. ತನ್ನ ಮೈ ಮೇಲೆ ಕೈ ಇಡುವವರು ಯಾರು ಅಂತ ತಿಳಿಯುವುದು ಆ ಆಟಗಾರನ ಹಕ್ಕು.

ಕೋಚ್ ಸರ್‌ಗೆ ಏನು ಹೇಳಬೇಕು ಅನ್ನುವುದೇ ನಿಮ್ಮ ನಿಜವಾದ ಕಷ್ಟ ಅಂತ ನನಗೆ ಗೊತ್ತು. ಪಂದ್ಯದ ದಿನ, ಎಲ್ಲರ ಎದುರು ಹೇಳಬೇಡಿ. ನಾಳೆ ಬೆಳಗ್ಗೆ ಅಭ್ಯಾಸ ಶುರುವಾಗುವ ಮೊದಲೇ ಹೋಗಿ. ‘ಸರ್, ಮೇಡಂ ಇದ್ದಾಗ ನೀವು ಹೇಳಿದ್ದೆಲ್ಲಾ ಮಾಡ್ತೀನಿ. ಅವರಿಲ್ಲದಾಗ ನಾನು ಫಸ್ಟ್ ಏಡ್ ಅಷ್ಟೇ ಮಾಡೋದು. ನನ್ನ ಕೈಯಿಂದ ನಿಮ್ಮ ಹುಡುಗರಿಗೆ ಏನಾದರೂ ಆದರೆ ನಾಳೆ ನೀವೂ ಉತ್ತರ ಹೇಳಬೇಕಾಗುತ್ತೆ ಸರ್’ ಅನ್ನಿ. ಜೊತೆಗೆ ಏನೇನು ಮಾಡುತ್ತೀರಿ ಅಂತ ಒಂದು ಹಾಳೆಯಲ್ಲಿ ಬರೆದು ಕೊಡಿ. ತೂಕದ ಪಟ್ಟಿ, ಐಸ್, ಆಂಬ್ಯುಲೆನ್ಸ್ ಗೇಟ್, ವಾರ್ಮ್ ಅಪ್. ಬರೀ ‘ಆಗಲ್ಲ’ ಕೇಳಿದವರಿಗೆ ಸಿಟ್ಟು ಬರುತ್ತದೆ. ‘ಇದು ಆಗಲ್ಲ, ಇದು ಮಾಡ್ತೀನಿ’ ಅಂದರೆ ನಮ್ಮ ಕಡೆಯ ಕೋಚ್‌ಗಳು ಒಪ್ಪುತ್ತಾರೆ. ನಾನು ನೋಡಿದ ಕೋಚ್‌ಗಳಲ್ಲಿ ಹೆಚ್ಚಿನವರು ತಮ್ಮ ಹುಡುಗರನ್ನು ಮಕ್ಕಳ ಹಾಗೇ ನೋಡಿಕೊಳ್ಳುತ್ತಾರೆ.

ಕಾಲೇಜಿಗೂ ತಿಳಿಸಬೇಕು. ದೂರು ಅಂತ ಅಲ್ಲ. ನಿಮ್ಮ ಪೋಸ್ಟಿಂಗ್ ನೋಡಿಕೊಳ್ಳುವ ಲೆಕ್ಚರರ್‌ಗೆ ತಾರೀಖು ಸಮೇತ ಒಂದು ಚಿಕ್ಕ ಪತ್ರ ಬರೆಯಿರಿ. ಯಾವ ದಿನ ಮೇಡಂ ಇದ್ದರು, ಯಾವ ದಿನ ಇರಲಿಲ್ಲ, ಆ ದಿನ ನೀವು ಏನು ಮಾಡಿದಿರಿ. ಬೇರೆ ಫಿಸಿಯೋ ಸಿಗುತ್ತಾರಾ, ಇಲ್ಲವೇ ಮೇಡಂ ಬರುವ ದಿನಗಳಿಗೆ ನಿಮ್ಮ ಪಾಳಿ ಬದಲಿಸಬಹುದಾ ಅಂತ ಕೇಳಿ. ಆ ಮೇಡಂಗೂ ತಮ್ಮದೇ ಕಷ್ಟ ಇರಬಹುದು. ಒಬ್ಬರೇ ಮೂರು ಕಡೆ ಓಡಾಡುವ ಫಿಸಿಯೋಗಳು ನಮ್ಮ ಜಿಲ್ಲೆಯಲ್ಲಿ ಇದ್ದಾರೆ. ಅವರಿಗೂ ಮೊದಲೇ ತಿಳಿಸಿಯೇ ಪತ್ರ ಕೊಡಿ.

ಕೊನೆಗೆ ಲಾಗ್‌ಬುಕ್. ಮೇಡಂ ಇಲ್ಲದ ದಿನಗಳಿಗೆ ಅವರಿಂದ ‘ನನ್ನ ಎದುರು ಮಾಡಿದಳು’ ಅಂತ ಸಹಿ ಹಾಕಿಸಿಕೊಳ್ಳಬೇಡಿ. ಅವರೇ ಹಾಕಿಕೊಡುತ್ತೇನೆ ಅಂದರೂ ಬೇಡ. ನಾಳೆ ಏನಾದರೂ ಆದರೆ ಆ ಸಹಿ ಇಬ್ಬರನ್ನೂ ಹಿಡಿದುಕೊಳ್ಳುತ್ತದೆ. ಆ ದಿನಗಳ ಎದುರು ನಡೆದದ್ದನ್ನು ನಡೆದ ಹಾಗೆ ಬರೆಯಿರಿ: ‘ಮೇಲ್ವಿಚಾರಕರು ಇರಲಿಲ್ಲ. ಗಮನಿಸಿದ್ದು, ತೂಕ ದಾಖಲೆ, ಪ್ರಥಮ ಚಿಕಿತ್ಸೆ.’ ಗಂಟೆಗಳು ಕಡಿಮೆ ಬಿದ್ದರೆ ಇನ್ನೊಂದು ವಾರ ಪೋಸ್ಟಿಂಗ್ ಮುಂದುವರಿಸಿ ಅಂತ ಕಾಲೇಜಿಗೆ ಕೇಳಿ. ಒಪ್ಪದಿದ್ದರೆ ಮತ್ತೆ ನನಗೆ ಬರೆಯಿರಿ, ಕಾಲೇಜಿಗೆ ಕೊಡುವ ಪತ್ರ ಹೇಗಿರಬೇಕು ಅಂತ ಕೂತು ನೋಡೋಣ.